ನಗರಸಭೆ ಮಳಿಗೆ ಸವಾಲಿಗೆ ಹೋಗುವ ಮುನ್ನ

ನಮ್ಮ ಕಡೆಯವರಿಗೆ ಸವಾಲ್, ಅಂದರೆ ಹರಾಜು, ಹೊಸದಲ್ಲ. ದೇವಸ್ಥಾನದಲ್ಲಿ ಫಲಾವಳಿ ಸವಾಲಿಗಿಟ್ಟಾಗ ಒಂದು ಹಲಸಿನಹಣ್ಣು ಸಾವಿರ ದಾಟುವುದನ್ನು ನೋಡಿದ್ದೇವೆ. ಅಲ್ಲಿ ಜಾಸ್ತಿ ಕೂಗಿದರೆ ದೇವರಿಗೆ ಹೋಗುತ್ತದೆ, ಬೇಜಾರಿಲ್ಲ. ಅದೇ ಹುಮ್ಮಸ್ಸಿನಲ್ಲಿ ಮಳಿಗೆಗೆ ಕೂಗಿದರೆ ವರ್ಷಗಟ್ಟಲೆ ಬಾಡಿಗೆ ಕಟ್ಟಬೇಕು.

ನಾನು ಕಲಿತದ್ದು ಕೈ ಸುಟ್ಟುಕೊಂಡು. ಘಟ್ಟದ ಕೆಳಗಿನ ಒಂದು ಪಟ್ಟಣದಲ್ಲಿ ಮಳಿಗೆ ಹರಾಜಿತ್ತು. ಎದುರಿನವನು ಐನೂರು ಏರಿಸಿದ, ನಾನೂ ಐನೂರು ಏರಿಸಿದೆ. ಕೊನೆಗೆ ಅವನು ನಕ್ಕು ಕೂತುಬಿಟ್ಟ. ಮನೆಗೆ ಬಂದು ಲೆಕ್ಕ ಹಾಕಿದೆ, ಎದೆ ಧಸಕ್ಕೆಂದಿತು. ಮಳಿಗೆ ಬೇಡ ಅಂದೆ, ಸವಾಲಿಗೆ ಕಟ್ಟಿದ್ದ ಮುಂಗಡ ಹೋಯಿತು.

ಕೊಡುವ ಅಧಿಕಾರ ಇದೆಯಾ?

ಕಾರವಾರ, ಶಿರಸಿ, ದಾಂಡೇಲಿ ನಗರಸಭೆಗಳಿಗೂ ಕುಮಟಾ, ಅಂಕೋಲಾ ಪುರಸಭೆಗಳಿಗೂ ಒಂದೇ ಕಾಯ್ದೆ: 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಅದರ 72ನೇ ಕಲಂ ಆಸ್ತಿಯನ್ನು ಮಾರುವ, ಗುತ್ತಿಗೆ ಕೊಡುವ ಅಧಿಕಾರ ಕೊಡುತ್ತದೆ, ಜೊತೆಗೆ ಬೇಲಿಯನ್ನೂ ಹಾಕುತ್ತದೆ. ಸ್ಥಿರಾಸ್ತಿಯನ್ನು ಪುಕ್ಕಟೆ ಕೊಡಬೇಕಾದರೆ ಮೇಲಿನವರ ಮಂಜೂರಾತಿ ಮೊದಲೇ ಬೇಕು. 5 ವರ್ಷ ಮೀರಿದ ಗುತ್ತಿಗೆಗೂ ಅಷ್ಟೆ. ಸಭೆಯಲ್ಲಿ ಠರಾವು ಆಯಿತು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ.

‘ಹರಾಜು ಎಲ್ಲಾ ಯಾಕೆ, ಒಂದು ಅರ್ಜಿ ಕೊಡಿ, ಮಾಡಿಸಿಕೊಡುತ್ತೇನೆ’ ಅನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಅವರ ಮಾತು ನಂಬಿ ದುಡ್ಡು ಕೊಡಬೇಡಿ. ಭೋಪಾಲದ ಜಮೀನೊಂದನ್ನು ಪ್ರಕಟಣೆಯೇ ಇಲ್ಲದೆ ಟ್ರಸ್ಟ್ ಒಂದಕ್ಕೆ ಕೊಟ್ಟಿದ್ದನ್ನು ಸುಪ್ರೀಂ ಕೋರ್ಟ್ 2011ರಲ್ಲಿ ರದ್ದು ಮಾಡಿತು. ಸಾರ್ವಜನಿಕ ಆಸ್ತಿಯನ್ನು ಅರ್ಜಿ ಹಾಕಿದ ಒಬ್ಬರಿಗೇ ಸದ್ದಿಲ್ಲದೆ ಕೊಡುವಂತಿಲ್ಲ ಎಂದಿತು. ಬಡಾವಣೆಯ ಪಾರ್ಕಿನ ಮೂಲೆಯಲ್ಲಿ ಅಂಗಡಿ ಕೊಡಿಸುತ್ತೇವೆ ಅಂದರಂತೂ ಇನ್ನೂ ದೂರ ಇರಿ. ಉದ್ಯಾನ, ಆಟದ ಮೈದಾನ ಕಾಪಾಡಲಿಕ್ಕೆಂದೇ 1985ರ ಕಾಯ್ದೆ ಬೇರೆ ಇದೆ.

ಪ್ರಕಟಣೆಯನ್ನು ಎರಡು ಸಲ ಓದಿ

ಮೊದಲ ಸಲ ಎಲ್ಲರೂ ಓದುವುದು ಮಳಿಗೆ ನಂಬರ್ ಮತ್ತು ಕನಿಷ್ಠ ಸವಾಲು ಮೊತ್ತ. ಎರಡನೇ ಸಲ ಷರತ್ತು ಓದಿ. ಮಳಿಗೆ ಯಾವ ಮೀಸಲಾತಿಯದ್ದು? ಅವಧಿ ಎಷ್ಟು? 12 ವರ್ಷ ಎಂದಿರುವುದು ಸಾಮಾನ್ಯ. ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆ? ಎಷ್ಟು ತಿಂಗಳ ಬಾಡಿಗೆ ಠೇವಣಿ ಇಡಬೇಕು? ಹಿಂದೆ ಸರಿದರೆ ಮುಂಗಡ ಏನಾಗುತ್ತದೆ? ಆ ಕೊನೆಯ ಸಾಲನ್ನು ನಾನು ಓದಿರಲಿಲ್ಲ.

ಲಕೋಟೆ ಟೆಂಡರೋ ಬಹಿರಂಗ ಹರಾಜೋ ಅದನ್ನೂ ನೋಡಿ. ಟೆಂಡರ್ ಅಂದರೆ ಅಡಿಕೆ ವ್ಯಾಪಾರಿ ಚೀಟಿಯಲ್ಲಿ ದರ ಬರೆದ ಹಾಗೆ, ಪಕ್ಕದವನು ಎಷ್ಟು ಬರೆದ ಅಂತ ಗೊತ್ತಾಗುವುದಿಲ್ಲ. ಈಗೀಗ ಹರಾಜು ಆನ್‌ಲೈನ್‌ನಲ್ಲೂ ಆಗುತ್ತದೆ. ಅದಕ್ಕಾದರೆ ನೋಂದಣಿಯನ್ನು ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ.

ಜುಲೈನಲ್ಲಿ ಹೋಗಿ ನೋಡಿ

ಬೇಸಿಗೆಯಲ್ಲಿ ಎಲ್ಲ ಮಳಿಗೆಯೂ ಚಂದ. ಆದರೆ ಶಿರಸಿ ಮಳೆಗೆ ಹಿಂದಿನ ಗೋಡೆ ಮೊಣಕಾಲೆತ್ತರಕ್ಕೆ ಥಂಡಿ ಎಳೆದಿರುತ್ತದೆ. ಅಲ್ಲಿ ಬಟ್ಟೆ ಅಂಗಡಿ ಇಟ್ಟರೆ ಕೆಳಗಿನ ಸಾಲಿನ ಸೀರೆಗೆ ಬೂಸಲು ಗ್ಯಾರಂಟಿ. ಕಾರವಾರದಲ್ಲಾದರೆ ಶಟರ್ ನೋಡಿ. ಉಪ್ಪುಗಾಳಿಗೆ ಕೆಳಗಿನ ಪಟ್ಟಿ ಮೊದಲು ಹೋಗುತ್ತದೆ. ನನ್ನ ಗೆಳೆಯನೊಬ್ಬ ಹೆಬ್ಬೆರಳಿನಿಂದ ಒತ್ತಿ ನೋಡಿದ, ಬಣ್ಣದ ಸಮೇತ ಹಪ್ಪಳದ ಹಾಗೆ ಉದುರಿತು. ಅವನು ಸವಾಲಿಗೆ ಹೋಗುವ ಮೊದಲೇ ಶಟರ್ ಖರ್ಚು ಕಳೆದು ತನ್ನ ಗಡಿ ಬರೆದಿಟ್ಟುಕೊಂಡ.

ಹಳೇ ಬಾಡಿಗೆದಾರ ಇನ್ನೂ ಒಳಗೇ ಇದ್ದರೆ ಎಚ್ಚರ. ಅವರನ್ನು ಬಿಡಿಸಲು 1974ರ ಕಾಯ್ದೆ ಇದೆ ನಿಜ, ಆದರೆ ಕೋರ್ಟಿಗೆ ಹೋದರೆ ಬೇಗ ಮುಗಿಯುವ ಮಾತಲ್ಲ. ಅನುಮಾನ ಇದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ: ಠರಾವಿನ ಪ್ರತಿ, ಮಂಜೂರಾತಿ ಆದೇಶ, ಈ ಮಳಿಗೆ ಮೇಲಿನ ದಾವೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ ಇರಬೇಕು. ಉತ್ತರಕ್ಕೆ 30 ದಿನ. ಹಾಗಾಗಿ ಸುದ್ದಿ ಕಿವಿಗೆ ಬಿದ್ದಾಗಲೇ ಹಾಕಿಬಿಡಿ.

ಲೆಕ್ಕವನ್ನು ಕೊನೇ ವರ್ಷದಿಂದ ಹಾಕಿ

ತಿಂಗಳಿಗೆ 9,000 ರೂಪಾಯಿ ಬಾಡಿಗೆಗೆ ಕೂಗಿದಿರಿ ಅಂದುಕೊಳ್ಳಿ. 18% ಜಿಎಸ್‌ಟಿ ಸೇರಿದರೆ 10,620. ನಿಮಗೆ ಜಿಎಸ್‌ಟಿ ನಂಬರ್ ಇದ್ದರೆ ಆ ತೆರಿಗೆಯನ್ನು ರಿವರ್ಸ್ ಚಾರ್ಜ್ ಅಂತ ನೀವೇ ಸರ್ಕಾರಕ್ಕೆ ನೇರ ಕಟ್ಟಬೇಕಾಗುತ್ತದೆ. ಷರತ್ತಿನಲ್ಲಿ ವರ್ಷಕ್ಕೆ 5% ಏರಿಕೆ ಇದ್ದರೆ 12ನೇ ವರ್ಷ ಬಾಡಿಗೆ 15,393, ತೆರಿಗೆ ಸೇರಿ 18,164. ಆ ಜಾಗದಲ್ಲಿ ಅಷ್ಟು ಹುಟ್ಟುತ್ತದಾ? ಜಾತ್ರೆ ವರ್ಷದ ವ್ಯಾಪಾರ ಲೆಕ್ಕಕ್ಕೆ ಹಿಡಿಯಬೇಡಿ, ಶಿರಸಿಯ ಮಾರಿಕಾಂಬಾ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಹೀಗೆ ಲೆಕ್ಕ ಹಾಕಿ ನಿಮ್ಮ ಗಡಿ ಎಷ್ಟು ಅಂತ ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಸಾಧ್ಯವಾದರೆ ಹೆಂಡತಿಯನ್ನೋ ಅಣ್ಣನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಂಗಿ ಹಿಡಿದು ಜಗ್ಗುವವರೊಬ್ಬರು ಬೇಕು.

ಗುಜರಿ ಸಾಮಾನಿನ ಹರಾಜಿಗೂ ಇದೇ ಕ್ರಮ. ಒಂದು ಮಾತು ಮಾತ್ರ: ನಗರಸಭೆಯ ಹಳೇ ಜೀಪ್ ಕೊಂಡು ಓಡಿಸುವ ಆಸೆ ಬಿಡಿ. 15 ವರ್ಷ ದಾಟಿದ ಸರ್ಕಾರಿ, ಸ್ಥಳೀಯ ಸಂಸ್ಥೆಗಳ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣ ಆಗುವುದಿಲ್ಲ. ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು.

ಗೆದ್ದ ಮೇಲೆ

ಮೂರನೇ ಸಲ ಕೂಗಿ ನಿಮ್ಮ ಹೆಸರು ಬರೆದುಕೊಂಡರೂ ಮಳಿಗೆ ಇನ್ನೂ ನಿಮ್ಮದಾಗಿಲ್ಲ. ಅಂಗೀಕಾರ ಆಗಬೇಕು. ಶಿರಸಿಯ ಕಡತವಾದರೆ ದೇವಿಮನೆ ಘಟ್ಟ ಇಳಿದು ಜಿಲ್ಲಾ ಕೇಂದ್ರ ಕಾರವಾರಕ್ಕೆ ಹೋಗಿ ವಾಪಸ್ ಬರಬೇಕು. ಅಲ್ಲಿಯವರೆಗೆ ಬಡಗಿಗೆ ಮುಂಗಡ ಕೊಟ್ಟು ಕಪಾಟು ಮಾಡಿಸಬೇಡಿ. ದುಡ್ಡು ಕಟ್ಟಿದ್ದಕ್ಕೆಲ್ಲ ಚಲನ್ ಇಟ್ಟುಕೊಳ್ಳಿ. ಒಂದು ವರ್ಷ ಮೀರಿದ ಗುತ್ತಿಗೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಸುಮ್ನೆ ಸ್ಟಾಂಪ್ ಪೇಪರ್ ಮೇಲೆ ಸಹಿ ಮಾಡಿಸಿಕೊಂಡು ಕೂತರೆ ನಾಳೆ ತಕರಾರು ಬಂದಾಗ ಕೈಯಲ್ಲಿ ಏನೂ ಇರುವುದಿಲ್ಲ. ಒಳಬಾಡಿಗೆಗೆ ಕೊಡುವಂತಿಲ್ಲ ಎಂಬ ಷರತ್ತು ಇದ್ದರೆ ಭಾವನಿಗೂ ಕೊಡುವಂತಿಲ್ಲ.

ಬೀಗದ ಕೈ ಕೊಡುವ ದಿನ ಕರೆಂಟ್ ಮೀಟರಿನ ಫೋಟೋ ತೆಗೆದುಕೊಳ್ಳಿ, ರೀಡಿಂಗ್ ಕಾಣುವ ಹಾಗೆ. ಹಿಂದಿನವರ ಬಾಕಿ ಇದ್ದರೆ ಅದನ್ನು ಹಸ್ತಾಂತರದ ಕಾಗದದಲ್ಲೇ ಬರೆಸಿ. ಆಮೇಲೆ ಶಟರ್ ಎತ್ತಿ.