ಕೊಡಗಿನಿಂದ ಕೆನಡಾಕ್ಕೆ ಬಂದವರಿಗೆ: ಪರಿಚಯ ಬೆಳೆಸುವ ಕೆಲಸ ಮೊದಲ ವಾರದಿಂದಲೇ ಶುರುವಾಗಲಿ

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಗುರುತಿಲ್ಲದ ಹುಡುಗನೊಬ್ಬ ಕೆಲಸ ಕೇಳಿದರೆ ಯಾರೂ ಮೊದಲು ಅವನ ಮಾರ್ಕ್ಸ್ ಕಾರ್ಡ್ ನೋಡುವುದಿಲ್ಲ. ಯಾವ ಊರು, ಯಾರ ಮನೆಯವನು ಎಂದು ವಿಚಾರಿಸುತ್ತಾರೆ. ಕೊಡವರಿರಲಿ, ಅರೆಭಾಷೆಯ ಗೌಡರಿರಲಿ, ಶನಿವಾರಸಂತೆ ಕಡೆಯ ನಮ್ಮಂಥ ಕನ್ನಡದವರಿರಲಿ, ಎಲ್ಲರೂ ಬೆಳೆದದ್ದು ಈ ಪ್ರಶ್ನೆಗೆ ಉತ್ತರ ಹೇಳಿಕೊಂಡೇ. ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಬೇಕಾದರೂ ಸೊಸೈಟಿ ಸಾಲಕ್ಕೆ ಜಾಮೀನು ಬೇಕಾದರೂ ನಮಗಿಂತ ಮೊದಲು ಮನೆಯ ಹೆಸರು ಅಲ್ಲಿಗೆ ತಲುಪಿರುತ್ತದೆ.

ಟೊರಾಂಟೊದಲ್ಲಿ ಇಳಿದ ದಿನ ಆ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಆಗ ನಮ್ಮ ಮಕ್ಕಳು ಇನ್ನೊಂದು ತುದಿಗೆ ಹೋಗುತ್ತಾರೆ. ಇಲ್ಲಿ ಅರ್ಹತೆಗೆ ಮಾತ್ರ ಬೆಲೆ ಎಂದುಕೊಂಡು ಬಾಡಿಗೆ ರೂಮಿನಲ್ಲಿ ಕೂತು ರಾತ್ರಿಯೆಲ್ಲ ಆನ್‌ಲೈನ್ ಅರ್ಜಿ ಹಾಕುತ್ತಾರೆ. ಉತ್ತರ ಬರದಿದ್ದಾಗ ತಮ್ಮಲ್ಲೇ ಏನೋ ಕೊರತೆ ಇದೆ ಎಂದು ಕುಗ್ಗುತ್ತಾರೆ. ಅದನ್ನು ನೋಡುವಾಗ ನನಗೆ ಬಹಳ ಸಂಕಟವಾಗುತ್ತದೆ. ಇಲ್ಲಿಯೂ ಪರಿಚಯ ನಡೆಯುತ್ತದೆ. ಊರಲ್ಲಿ ನಿಮ್ಮ ಮನೆತನದ ಬಗ್ಗೆ ಒಬ್ಬರು ಮಾತು ಕೊಡುತ್ತಾರೆ, ಇಲ್ಲಿ ನಿಮ್ಮ ಕೆಲಸದ ಬಗ್ಗೆ ಕೊಡಬೇಕು. ಅಷ್ಟೇ ವ್ಯತ್ಯಾಸ.

ಯಾರ ಪರಿಚಯ ಕೆಲಸಕ್ಕೆ ಬರುತ್ತದೆ ಎಂಬುದು ಮುಖ್ಯ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಬಾಸ್ಟನ್ ಪಕ್ಕದ ನ್ಯೂಟನ್‌ನಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ವಿಚಾರಿಸಿ 1973ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುದ್ದಿ ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರಿಗೆ ನೆರವಾದದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವ ಅರೆಪರಿಚಿತರು. ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ರೂಮ್‌ಮೇಟ್‌ಗೆ ಗೊತ್ತಿರುವ ಕೆಲಸದ ಸುದ್ದಿ ನಿಮಗೂ ಗೊತ್ತಿರುತ್ತದೆ. ಉದ್ಯೋಗ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಹೊರಬಂದ ಅಧ್ಯಯನವೂ ಹತ್ತಿರದ ಸ್ನೇಹಿತರಿಗಿಂತ ಸ್ವಲ್ಪ ದೂರದವರೇ ಹೆಚ್ಚು ನೆರವಾಗುತ್ತಾರೆ ಎಂದಿತು. ಕಂಪ್ಯೂಟರ್ ಬಳಕೆ ಕಡಿಮೆ ಇರುವ ಉದ್ಯೋಗಗಳಲ್ಲಿ ಮಾತ್ರ ಹತ್ತಿರದವರ ಬಲವೇ ಹೆಚ್ಚೆಂದು ಕಂಡಿತು. ಹೋಟೆಲ್, ಕಟ್ಟಡ ಕೆಲಸಕ್ಕೆ ಬಂದವರು ಇದನ್ನು ನೆನಪಿಟ್ಟುಕೊಳ್ಳಿ.

ಕೊಡಗಿನವರಿಗೆ ಇಂಥ ಅರೆಪರಿಚಿತರು ಕಡಿಮೆಯೇನಿಲ್ಲ. ನಿಮ್ಮ ಮನೆಯ ಹೋಂಸ್ಟೇಯಲ್ಲಿ ಎರಡು ದಿನ ಉಳಿದು, ಪಂದಿಕರಿ ಕಡುಬು ಉಂಡು ನಂಬರ್ ಕೊಟ್ಟು ಹೋದ ಬೆಂಗಳೂರಿನ ಮ್ಯಾನೇಜರ್ ಅಂಥವರು. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲೋ ಕುಶಾಲನಗರದ ಇಂಜಿನಿಯರಿಂಗ್ ಕಾಲೇಜಿನಲ್ಲೋ ನಿಮಗಿಂತ ಮೂರು ವರ್ಷ ಮುಂದಿದ್ದ ಅಕ್ಕ, ಕೌಟುಂಬಿಕ ಹಾಕಿ ಪಂದ್ಯದಲ್ಲಿ ಎದುರು ತಂಡಕ್ಕೆ ಆಡಿದವರು, ಇವರೆಲ್ಲ ಒಂದು ಸಣ್ಣ ಸಂದೇಶಕ್ಕೆ ಉತ್ತರ ಕೊಟ್ಟಾರು.

ಕೇಳುವ ಕ್ರಮ ಮಾತ್ರ ಕಲಿಯಬೇಕು. ಮೊದಲ ಸಲವೇ ಕೆಲಸ ಕೊಡಿಸಿ ಎನ್ನಬೇಡಿ. ನೀವು ಯಾರು, ಏನು ಓದಿದ್ದೀರಿ ಎಂದು ಎರಡು ಸಾಲು ಬರೆದು, ಅವರ ಕ್ಷೇತ್ರದ ಬಗ್ಗೆ ತಿಳಿಯಲು ಇಪ್ಪತ್ತು ನಿಮಿಷ ಕೇಳಿ. ಅವರ ಕಂಪನಿ ಏನು ಮಾಡುತ್ತದೆ ಎಂದು ಮೊದಲೇ ಓದಿಕೊಂಡು ಹೋಗಿ. ಇಪ್ಪತ್ತು ನಿಮಿಷವೆಂದರೆ ಇಪ್ಪತ್ತಕ್ಕೇ ಮುಗಿಸಿ. ಏಳುವ ಮುಂಚೆ "ಇನ್ನು ಯಾರ ಹತ್ತಿರ ಮಾತಾಡಿದರೆ ಒಳ್ಳೆಯದು?" ಎಂದು ಕೇಳಿ. ನನ್ನ ಮಟ್ಟಿಗೆ ಇಡೀ ಮಾತುಕತೆಯಲ್ಲಿ ಇದೇ ಎಲ್ಲಕ್ಕಿಂತ ಬೆಲೆಬಾಳುವ ಪ್ರಶ್ನೆ. ಮರುದಿನ ಧನ್ಯವಾದ ಬರೆಯಿರಿ, ಅವರ ಸಲಹೆಯಿಂದ ಏನಾಯಿತೆಂದು ತಿಂಗಳ ನಂತರ ತಿಳಿಸಿ. ಇಲ್ಲಿ ಹೆಸರು ಹಿಡಿದು ಕರೆಯುವುದೇ ವಾಡಿಕೆ, ಮಾತಿಗೊಮ್ಮೆ ಸರ್ ಎಂದರೆ ಅವರಿಗೇ ಮುಜುಗರವಾಗುತ್ತದೆ. ನಮ್ಮ ನಾಲಿಗೆಗೆ ಅದು ರೂಢಿಯಾಗಲು ಸಮಯ ಬೇಕು, ಪರವಾಗಿಲ್ಲ.

ಹಿರಿಯರಿಗೆ ತೊಂದರೆ ಕೊಡುವುದೇಕೆ, ಇದು ವಶೀಲಿ ಆಗುವುದಿಲ್ಲವೇ ಎಂಬ ಅಳುಕು ಬೇಡ. ಒಳ್ಳೆಯವರನ್ನು ತೋರಿಸಿಕೊಟ್ಟ ನೌಕರರಿಗೆ ಎಷ್ಟೋ ಕಂಪನಿಗಳು ಬೋನಸ್ ಕೊಡುತ್ತವೆ. ಸಂದರ್ಶನವನ್ನು ನೀವೇ ಎದುರಿಸಬೇಕು. ಆದರೆ ರೆಫರಲ್, ಅಂದರೆ ತಮ್ಮ ಕಂಪನಿಗೆ ನಿಮ್ಮ ಹೆಸರಿನ ಶಿಫಾರಸು, ಕೊಟ್ಟವರು ತಮ್ಮ ಹೆಸರನ್ನೇ ಒತ್ತೆ ಇಟ್ಟಿರುತ್ತಾರೆ. ಹಾಗಾಗಿ ನಿಮ್ಮ ಕೆಲಸ ನೋಡದವರನ್ನು ಅದಕ್ಕೆ ಒತ್ತಾಯಿಸಬೇಡಿ.

ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಸಾರ್ವಜನಿಕ ಜಾಹೀರಾತಿನಲ್ಲಿ ಕೆನಡಾದ ಅನುಭವ ಬೇಕೆಂದು ಹಾಕುವಂತಿಲ್ಲ ಎಂಬ ನಿಯಮ 2026ರ ಜನವರಿ 1ರಿಂದ ಜಾರಿಯಲ್ಲಿದೆ. ಆದರೂ ನಿಮ್ಮ ಬಗ್ಗೆ ಇಲ್ಲಿನವರು ಒಬ್ಬರು ಹೇಳಿದರೆ ತೂಕ ಹೆಚ್ಚು. ಓದುತ್ತಾ ಕಾಫಿ ಅಂಗಡಿಯಲ್ಲಿ ದುಡಿಯುವವರು ಅಲ್ಲಿನ ಮ್ಯಾನೇಜರ್‌ನ ವಿಶ್ವಾಸ ಗಳಿಸಿ, ಆ ಕೆಲಸವನ್ನು ಕೀಳೆಂದು ನೋಡಬೇಡಿ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಊಟಕ್ಕೆ ಮಾತ್ರ ಹೋಗದೆ ಕುರ್ಚಿ ಹಾಕಲು, ಲೆಕ್ಕ ಬರೆಯಲು ನಿಲ್ಲಿ. ನೀವು ಹೇಗೆ ದುಡಿಯುತ್ತೀರಿ ಎಂಬುದು ಹತ್ತು ಜನರ ಕಣ್ಣಿಗೆ ಬೀಳುತ್ತದೆ. ಹಾಗೆಂದು ವಾರವಿಡೀ ನಮ್ಮವರ ಜೊತೆಯೇ ಕಳೆದರೆ ಮತ್ತೆ ಅದೇ ಸುದ್ದಿ ಅದೇ ಬಾಯಲ್ಲಿ ಸುತ್ತುತ್ತದೆ. ನರ್ಸಿಂಗ್‌ನಂಥ ವೃತ್ತಿಗಳಿಗೆ ಲೈಸೆನ್ಸ್ ಬೇಕು, ಅದು ಪರಿಚಯದಿಂದ ಸಿಗುವುದಿಲ್ಲ. ಆ ದಾರಿ ದಾಟಿದವರು ಯಾವ ಕಾಗದ ಮೊದಲು ತರಿಸಬೇಕೆಂದು ಹೇಳಬಲ್ಲರು.

ಕೆಲಸ ಕೊಡಿಸಲು ಹಣ ಕೇಳಿದವರು ನಮ್ಮ ಊರಿನವರೇ ಆಗಿದ್ದರೂ ದೂರವಿಡಿ. ವಿದೇಶದಿಂದ ಬಂದ ಕೆಲಸಗಾರರಿಂದ ಹಾಗೆ ಶುಲ್ಕ ಪಡೆಯುವುದಕ್ಕೆ ಒಂಟಾರಿಯೊ ಕಾನೂನಿನಲ್ಲಿ ಅವಕಾಶವಿಲ್ಲ.

ಇನ್ನೂ ಊರಲ್ಲೇ ಇರುವವರು ಹೊರಡುವ ಮುಂಚೆ ಕಾಲೇಜಿನ ಅಧ್ಯಾಪಕರು, ಇಂಟರ್ನ್‌ಶಿಪ್ ಮಾಡಿಸಿದ ಅಧಿಕಾರಿ, ದುಡಿದ ರೆಸಾರ್ಟಿನ ಮ್ಯಾನೇಜರ್ ಇವರ ಇಮೇಲ್ ವಿಳಾಸ ಪಡೆದುಕೊಳ್ಳಿ. ಕೆನಡಾದಿಂದ ನಿಮ್ಮ ಬಗ್ಗೆ ಕೇಳಿ ಕರೆ ಬರಬಹುದು ಎಂದು ಅವರಿಗೆ ಈಗಲೇ ಹೇಳಿಡಿ.