ಜೈಲಿನ ಗೇಟು ದಾಟಿದ ಮೇಲೆ ಮೊದಲು ಸಿಮ್

ನನ್ನ ತಮ್ಮ ನಾಲ್ಕು ವರ್ಷಗಳ ಬಳಿಕ ಕಲಬುರಗಿಯ ಸೇಡಂ ರಸ್ತೆಯ ಕೇಂದ್ರ ಕಾರಾಗೃಹದಿಂದ ಹೊರಬಂದಾಗ ನಾವು ಮರುದಿನವೇ ಪಡಿತರ ಅಂಗಡಿಗೆ ಓಡಿದೆವು. ತಪ್ಪು ಮಾಡಿದ್ದು ಅಲ್ಲೇ. ಅಂಗಡಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ನಾಡಕಚೇರಿಗೆ ಮೂರು ವಾರ ಸುತ್ತಿದೆವು. ಹೋದಲ್ಲೆಲ್ಲ "ಒಟಿಪಿ ಹೇಳಿ" ಎಂಬ ಒಂದೇ ಮಾತು. ಒಟಿಪಿ ಹೋಗುತ್ತಿದ್ದದ್ದು ಅವನ ಹಳೆಯ ನಂಬರಿಗೆ. ರೀಚಾರ್ಜ್ ಇಲ್ಲದೆ ನಿಂತುಹೋದ ಆ ನಂಬರು ಆಗಲೇ ಬೇರೆ ಯಾರದೋ ಕೈ ಸೇರಿತ್ತು. ಈಗ ನಮ್ಮ ಓಣಿಗೆ ಯಾರಾದರೂ ಬಿಡುಗಡೆಯಾಗಿ ಬಂದರೆ ನಾನು ಅವರ ಮನೆಯವರಿಗೆ ಹೇಳುವ ಕ್ರಮವೇ ಬೇರೆ.

ಬಿಡುಗಡೆಯ ದಿನ ಮನೆಗೆ ಓಡುವ ಅವಸರ ಬೇಡ. ಒಳಗೆ ಹೋಗುವಾಗ ಜಮಾ ಮಾಡಿದ್ದ ವಸ್ತುಗಳು, ಬಿಡುಗಡೆ ಪತ್ರ, ಶಿಕ್ಷೆಯ ಕೈದಿಯಾಗಿದ್ದರೆ ದುಡಿದ ಕೂಲಿಯ ಲೆಕ್ಕ, ಆಸ್ಪತ್ರೆಯ ಚೀಟಿ, ಇಷ್ಟನ್ನೂ ಕೇಳಿ ಪಡೆಯಿರಿ. ಕ್ಷಯದ ಮಾತ್ರೆ ನಡೆಯುತ್ತಿದ್ದರೆ ಸರ್ಕಾರ ಕ್ಷಯ ರೋಗಿಗೆ ಕೊಡುವ ನೋಂದಣಿ ಸಂಖ್ಯೆ, ನಿಕ್ಷಯ್ ಐಡಿ, ಬರೆದುಕೊಳ್ಳಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದನ್ನು ತೋರಿಸಿದರೆ ಮಾತ್ರೆ ತಪ್ಪುವುದಿಲ್ಲ. ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 1000 ರೂಪಾಯಿ ಪೋಷಣೆಯ ಹಣಕ್ಕೂ ಅವರು ಅರ್ಹರು.

ನಂತರ ಸಿಮ್. ನಿಮ್ಮ ಹೆಸರಿನಲ್ಲಿ ಬೇಡ, ಅವರ ಹೆಸರಿನಲ್ಲೇ ಇರಲಿ. ಅದೇ ನಂಬರು ಹಿಡಿದು ಅವರನ್ನು ಕರೆದುಕೊಂಡು ಆಧಾರ್ ಕೇಂದ್ರಕ್ಕೆ ಹೋಗಿ. ಮೊಬೈಲ್ ನಂಬರ್ ಬದಲಿಸಲು ಹಳೆಯ ನಂಬರಿನ ಒಟಿಪಿ ಬೇಕಿಲ್ಲ, ಆಳು ಖುದ್ದು ಬಂದರೆ ಸಾಕು. ತಮ್ಮ ಹಿಂದೆ ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿದವನು, ಬೆರಳಿನ ಗೆರೆಗಳು ಸವೆದುಹೋಗಿದ್ದವು. ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾದ ಮೇಲೆ, ಕಣ್ಣಿನ ಪಾಪೆಯನ್ನೂ ತೆಗೆಯಬಹುದು ಎಂದು ಸಾಲಿನಲ್ಲಿದ್ದ ಮುದುಕರೊಬ್ಬರು ಹೇಳಿಕೊಟ್ಟರು! ನೀವು ಮೊದಲೇ ಕೇಳಿ. ಹೋಗುವಾಗ ರೊಟ್ಟಿ ಕಟ್ಟಿಕೊಳ್ಳಿ, ಸಾಲು ಉದ್ದವಿರುತ್ತದೆ.

ಎರಡು ವರ್ಷ ವ್ಯವಹಾರವಿಲ್ಲದ ಬ್ಯಾಂಕ್ ಖಾತೆ ನಿಷ್ಕ್ರಿಯವಾಗುತ್ತದೆ, ಆದರೆ ಹಣ ಎಲ್ಲಿಗೂ ಹೋಗುವುದಿಲ್ಲ. ಒಂದು ಶಾಖೆಯಲ್ಲಿ "ಹೊಸ ಖಾತೆ ಮಾಡಿಸಿಬಿಡಿ" ಎಂದರು. ಅವರು ಜಪ್ಪಯ್ಯ ಎಂದರೂ ನಾನು ಒಪ್ಪಲಿಲ್ಲ. ಕೆವೈಸಿ, ಅಂದರೆ ಗುರುತು ಮತ್ತು ವಿಳಾಸದ ದಾಖಲೆ, ಮತ್ತೆ ಕೊಟ್ಟರೆ ಹಳೆಯದೇ ಚಾಲೂ ಆಗುತ್ತದೆ, ಅದಕ್ಕೆ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಅಲ್ಲಿಯೇ ಆಧಾರ್ ಜೋಡಣೆಯನ್ನೂ ಮಾಡಿಸಿ, ಸರ್ಕಾರದ ಹಣ ಬರುವುದು ಆ ದಾರಿಯಲ್ಲೇ.

ಪಡಿತರ ಇದಾದ ಮೇಲೆ. ಅನ್ನಭಾಗ್ಯದ ಅಕ್ಕಿ ತಲೆ ಲೆಕ್ಕದ್ದು. ಕಾರ್ಡಿನಲ್ಲಿ ಹೆಸರು ಉಳಿದಿದ್ದರೆ ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ಪರಿಶೀಲನೆ) ಮುಗಿಸಿ, ಅಳಿದಿದ್ದರೆ ತಾಲ್ಲೂಕಿನ ಆಹಾರ ಶಾಖೆಯಲ್ಲಿ ವಿಚಾರಿಸಿ. ಹೆಸರು ಸೇರಿಸುವ ಅವಕಾಶ ಎಲ್ಲ ದಿನ ತೆರೆದಿರುವುದಿಲ್ಲ. "ಇಷ್ಟು ದಿನ ಎಲ್ಲಿದ್ದ?" ಎಂದು ಕೌಂಟರಿನಲ್ಲಿ ಕೇಳಿದರೆ ಕಥೆ ಹೇಳಬೇಕಿಲ್ಲ. ಅರ್ಜಿಯಲ್ಲಿ ಏನು ಕೇಳಿದೆಯೋ ಅಷ್ಟಕ್ಕೆ ಉತ್ತರ ಕೊಡಿ. ಉದ್ಯೋಗ ಖಾತರಿಯ ಕಾರ್ಡಿಗೆ ಗ್ರಾಮ ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟು ದಿನಾಂಕ ಹಾಕಿದ ಸ್ವೀಕೃತಿ ಪಡೆಯಿರಿ.

ಎಲ್ಲಿಯಾದರೂ ಕೆಲಸ ನಿಂತರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. ಜಾಮೀನಿನ ಮೇಲೆ ಬಂದವರಾದರೆ ಪುಣೆಗೋ ಬೆಂಗಳೂರಿಗೋ ದುಡಿಯಲು ಹೊರಡುವ ಮೊದಲು ಜಾಮೀನು ಆದೇಶವನ್ನು ವಕೀಲರಿಂದ ಓದಿಸಿ. ಜಿಲ್ಲೆ ಬಿಡಬಾರದು, ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ ಹಾಕಬೇಕು ಎಂಬ ಷರತ್ತು ಅದರಲ್ಲಿದ್ದರೆ, ಬಸ್ ಹತ್ತುವ ಮೊದಲು ನ್ಯಾಯಾಲಯದ ಅನುಮತಿ ಬೇಕು.