ಎರಡನೇ ಹೆರಿಗೆಗೆ ಮೊದಲು ಹುಡುಕಿದ ಒಂದು ಹಾಳೆ

ದೊಡ್ಡವಳು ಹುಟ್ಟಿದ್ದು 2019ರ ಜುಲೈನಲ್ಲಿ. ನಮ್ಮೂರು ಸಕಲೇಶಪುರದಿಂದ 14 ಕಿಲೋಮೀಟರ್ ಒಳಗೆ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ, ಕರೆಂಟೂ ಇರಲಿಲ್ಲ. ಆಗ ನನಗೆ 33ನೇ ವಾರ. ತಲೆ ಸಿಡಿಯುತ್ತಿತ್ತು, ಕಣ್ಣ ಮುಂದೆ ಮಿಂಚುಹುಳ ಹಾರಿದ ಹಾಗೆ ಆಗುತ್ತಿತ್ತು. ಶೀತ ಇರಬೇಕು ಅಂತ ಅಮೃತಾಂಜನ ಹಚ್ಚಿಕೊಂಡು ಮಲಗಿದ್ದೆ! ಮಾರನೇ ದಿನ ಜೀಪಿನಲ್ಲಿ ಹಾಸನ ಮುಟ್ಟುವಷ್ಟರಲ್ಲಿ ಬಿಪಿ 170/110. ಅವತ್ತೇ ಸಿಸೇರಿಯನ್ ಆಯಿತು. ಮಗು 1.7 ಕೆಜಿ. ಅವಳ ಮುಖ ನಾನು ನೋಡಿದ್ದು ಮೂರನೇ ದಿನ.

ಎರಡನೇದು ಬೇಕು ಅನಿಸಿದಾಗ ಅವಳಿಗೆ ಎರಡೂವರೆ ವರ್ಷ. ನಾರ್ಮಲ್ ಆಗಬಹುದಾ ಅಂತ ಡಾಕ್ಟರನ್ನು ಕೇಳಿದೆ. ಅವರು, "ಮೊದಲು ಆಪರೇಷನ್ ನೋಟ್ಸ್ ತನ್ನಿ" ಅಂದರು. ನನ್ನ ಹತ್ತಿರ ಇದ್ದದ್ದು ಡಿಸ್ಚಾರ್ಜ್ ಹಾಳೆ ಮಾತ್ರ. ಅದರಲ್ಲಿ ಎರಡೇ ಸಾಲು. ಹೊಟ್ಟೆಯ ಮೇಲಿನ ಗೆರೆ ಅಡ್ಡ ಇದೆಯಲ್ಲ, ಸಾಲದಾ ಅಂದೆ. ಸಾಲದಂತೆ. ಚರ್ಮ ಅಡ್ಡ ಕೊಯ್ದು, ಒಳಗೆ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿರಬಹುದು. ದಿನ ತುಂಬದ ಮಗುವಾದರೆ ಕೆಲವೊಮ್ಮೆ ಹಾಗೆ ಮಾಡಬೇಕಾಗುತ್ತದೆ. ಮೇಲುಭಾಗದಲ್ಲಿ ಉದ್ದ ಕೊಯ್ದಿದ್ದರೆ ಹೆರಿಗೆ ನೋವಿಗೆ ಬಿಡುವುದೇ ಇಲ್ಲ, ಹೊಲಿಗೆ ಬಿಚ್ಚಿಕೊಳ್ಳುವ ಭಯ ಜಾಸ್ತಿ. ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಮೂರು ಸಲ ಅಲೆದೆ. ಅರ್ಜಿ ಕೊಡಿ, ಸೋಮವಾರ ಬನ್ನಿ, ಗುಮಾಸ್ತರು ರಜೆ, ಹೀಗೇ. ಕೊನೆಗೆ ಸಿಕ್ಕ ಜೆರಾಕ್ಸಿನಲ್ಲಿ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದಾರೆ ಅಂತ ಬರೆದಿತ್ತು. ನೀವು ಈಗಷ್ಟೇ ಬಾಣಂತಿಯಾಗಿದ್ದರೆ ಆ ಹಾಳೆಯನ್ನು ಈಗಲೇ ಕೇಳಿ ಇಟ್ಟುಕೊಳ್ಳಿ.

ಲೆಕ್ಕವನ್ನೂ ಡಾಕ್ಟರೇ ಹೇಳಿದರು. ಒಂದೇ ಸಲ ಹಾಗೆ ಕೊಯ್ದಿದ್ದು ನಾರ್ಮಲ್‌ಗೆ ಪ್ರಯತ್ನಿಸುವ ನೂರರಲ್ಲಿ 60ರಿಂದ 80 ಮಂದಿಗೆ ಆಗುತ್ತದೆ. ಸುಮಾರು 200ರಲ್ಲಿ ಒಬ್ಬರಿಗೆ ಹಳೇ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಆ ಒಬ್ಬರು ನಾನಾದರೆ ನಿಮಿಷಗಳಲ್ಲಿ ಆಪರೇಷನ್ ಥಿಯೇಟರ್ ಸೇರಬೇಕು. ಹಾಗಾಗಿ ನಾನು ಆಸ್ಪತ್ರೆಯವರನ್ನು ಕೇಳಿದ್ದು ಎರಡೇ: ರಾತ್ರಿ ಎರಡು ಗಂಟೆಗೆ ಅರಿವಳಿಕೆ ಡಾಕ್ಟರ್ ಇರ್ತಾರಾ? ರಕ್ತ ಎಲ್ಲಿಂದ ಬರುತ್ತೆ?

ಅತ್ತೆಗೆ ಇದೆಲ್ಲ ಅತಿ ಅನಿಸಿತು. "ನೋಡವ್ವ, ಸುಮ್ನೆ ಕುಯ್ಸ್ಕೊಂಡ್ರೆ ಮುಗೀತಪ್ಪ. ನಾರ್ಮಲ್ ಅಂತ ಹಠ ಯಾಕೆ?" ಹಠ ಅಲ್ಲ ಅತ್ತೆ, ಬಾಣಂತನದಲ್ಲಿ ದೊಡ್ಡವಳನ್ನೂ ಎತ್ತಿಕೊಳ್ಳಬೇಕಲ್ವಾ ಅಂದೆ.

ತಿಂಗಳ ಲೆಕ್ಕವನ್ನೂ ಹಾಕಿದೆವು. ಮಳೆಗಾಲದ ಹೆರಿಗೆ ಬೇಡವೇ ಬೇಡ. ಡೇಟ್ ಫೆಬ್ರವರಿಗೆ ಬಿತ್ತು. "ಕಾಫಿ ಕುಯ್ಲಿನ ಟೈಮು ಕಣೇ" ಅಂತ ನಮ್ಮೆಜಮಾನರು ಗೊಣಗಿದರು. ರಸ್ತೆ ಒಣಗಿರುತ್ತಲ್ಲ, ನನಗೆ ಅಷ್ಟು ಸಾಕಿತ್ತು.

ಬಸಿರಾಗುವ ಮೊದಲೇ ಬಿಪಿ, ಸಕ್ಕರೆ, ಮೂತ್ರದ ಪ್ರೋಟೀನ್ ಎಲ್ಲ ನೋಡಿಸಿದ್ದೆ. ಮೊದಲ ಸಲ ಬಿಪಿ ಏರಿದ್ದವರಿಗೆ ಮತ್ತೆ ಏರಬಹುದು ಅಂತ 12ನೇ ವಾರದಿಂದ ರಾತ್ರಿ ಕಡಿಮೆ ಡೋಸಿನ ಆಸ್ಪಿರಿನ್ ಕೊಟ್ಟರು. ಇದನ್ನು ಡಾಕ್ಟರ್ ಹೇಳದೆ ಯಾರೂ ನುಂಗಬೇಡಿ. ಕಬ್ಬಿಣದ ಮಾತ್ರೆ ಬೆಳಿಗ್ಗೆ, ಕ್ಯಾಲ್ಸಿಯಂ ಮಧ್ಯಾಹ್ನ. ಎರಡನ್ನೂ ಒಟ್ಟಿಗೆ ತಗೊಂಡರೆ ಕಬ್ಬಿಣ ಸರಿಯಾಗಿ ಹಿಡಿಯಲ್ಲ. 20ನೇ ವಾರದ ಸ್ಕ್ಯಾನಿನಲ್ಲಿ ಕಸ, ಅಂದರೆ ಪ್ಲಾಸೆಂಟಾ, ಹಳೇ ಹೊಲಿಗೆಯ ಮೇಲೆ ಕೂತಿಲ್ಲ ಅಂತ ಗೊತ್ತಾದಾಗ ಅರ್ಧ ಭಾರ ಇಳಿಯಿತು.

ಬಿಪಿ ಮೆಷಿನ್ ಕೊಂಡೆ, ತೋಳಿಗೆ ಸುತ್ತುವಂಥದ್ದು. ಬೆಳಿಗ್ಗೆ ಕಾಫಿಗೆ ಮೊದಲೇ ನೋಡಬೇಕು. ನಮ್ಮನೆಯಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇಲ್ಲ! ಕಾಲು ನೆಲಕ್ಕೂರಿ, ಬೆನ್ನು ಆನಿಸಿ, ಐದು ನಿಮಿಷ ಮಾತಿಲ್ಲದೆ ಕೂರುತ್ತಿದ್ದೆ. ಮಗಳ ಹಳೇ ಕಾಪಿ ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. 35ನೇ ವಾರಕ್ಕೆ ಹಾಸನದ ಚಿಕ್ಕಮ್ಮನ ಮನೆಗೆ ಬಂದೆ. ಅಲ್ಲಿಂದ ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ.

37ನೇ ವಾರ, ಬೆಳಿಗ್ಗೆ 144/92. ಅರ್ಧ ಗಂಟೆ ಬಿಟ್ಟು ನೋಡಿದೆ, 146/94. ತಲೆನೋವು ಇರಲಿಲ್ಲ, ಆದರೂ ಬುಕ್ ಹಿಡಿದು ಹೊರಟೆ. ಇನ್ನು ಕಾಯುವುದು ಬೇಡ ಅಂದರು ಡಾಕ್ಟರ್. ಗರ್ಭದ ಬಾಯಿ ಇನ್ನೂ ಗಟ್ಟಿ. ಹಳೇ ಹೊಲಿಗೆ ಇರುವವರಿಗೆ ನೋವು ಬರಿಸುವ ಎಲ್ಲ ಮಾತ್ರೆ ಕೊಡುವ ಹಾಗಿಲ್ಲ. ಗರ್ಭದ ಬಾಯಿ ತೆರೆಸೋಕೆ ಒಳಗೆ ಸಣ್ಣ ಬಲೂನ್ ಹಾಕಿ ಒಂದು ದಿನ ನೋಡಬಹುದು, ಇಲ್ಲ ಸಿಸೇರಿಯನ್. ನೀವೇ ಹೇಳಿ ಅಂದರು.

ಹತ್ತು ನಿಮಿಷ ಯೋಚಿಸಿ ಸಿಸೇರಿಯನ್ ಅಂದೆ. ಸ್ವಲ್ಪ ಕಣ್ಣೀರೂ ಹಾಕಿದೆ. ಸುಳ್ಳು ಯಾಕೆ ಹೇಳಲಿ, ಇವತ್ತಿಗೂ ಒಮ್ಮೊಮ್ಮೆ ಬಲೂನ್ ಹಾಕಿಸಿ ನೋಡಬಹುದಿತ್ತು ಅನಿಸುತ್ತದೆ.

ಮಗ 2.8 ಕೆಜಿ. ಹುಟ್ಟಿದ ಕೂಡಲೇ ನರ್ಸ್ ತಂದು ನನ್ನ ಕೆನ್ನೆಗೆ ಅವನ ಕೆನ್ನೆ ತಾಗಿಸಿದರು. ಬಿಸಿಯಿತ್ತು, ಒದ್ದೆಯಿತ್ತು.

ಹೆರಿಗೆ ಆಯಿತು ಅಂತ ಬಿಪಿ ಸುಮ್ಮನಾಗಲ್ಲ. ಮನೆಗೆ ಬಂದ ಮೇಲೂ ಏರಬಹುದು ಅಂದಿದ್ದರು, ಐದನೇ ದಿನ ಏರಿಯೇ ಬಿಟ್ಟಿತು. ಮಾತ್ರೆ ಶುರುವಾಯಿತು. ಆರು ವಾರ ಬುಕ್ಕಿನಲ್ಲಿ ಬರೆದೆ. ಆಮೇಲಾಮೇಲೆ ಬೆಳಿಗ್ಗೆ ಅತ್ತೆಯೇ ನೆನಪಿಸುತ್ತಿದ್ದರು, "ಕಾಫಿ ಆಮೇಲೆ, ಮೊದ್ಲು ಆ ಪಟ್ಟಿ ಸುತ್ಕೊ."